ತಾಯಿಕೋಶದ ಮುಪ್ಪು

ಒಂದೇ ಕೋಶದ ಜೀವಿಗಳಿಗೆ ಸಹಜ ಸಾವಿಲ್ಲವೆಂದು ಜರ್ಮನಿಯ ಜೀವವಿಜ್ಞಾನಿ ಆಗಸ್ಟ್ ವೈಸ್‌ಮನ್ 1880ರ ದಶಕದಲ್ಲಿ ವಾದಿಸಿದ. ಕೋಶ ಒಡೆದು ಎರಡಾದರೆ ಹೆಣವೆಲ್ಲಿ ಉಳಿಯಿತು ಎಂಬುದು ಅವನ ತರ್ಕ. ಬ್ರೆಡ್ಡಿನ ಹಿಟ್ಟು ಉಬ್ಬಿಸುವ ಯೀಸ್ಟ್ ಈ ತರ್ಕಕ್ಕೆ ಬಗ್ಗಲಿಲ್ಲ. ಅದು ಸರಿಪಾಲಾಗಿ ಒಡೆಯುವುದಿಲ್ಲ. ತಾಯಿಕೋಶದ ಮೈಮೇಲೆ ಮೊಗ್ಗು ಮೂಡಿ, ಬೆಳೆದು, ಮರಿಯಾಗಿ ಕಳಚಿಕೊಳ್ಳುತ್ತದೆ. ಕಳಚಿದಲ್ಲೆಲ್ಲ ತಾಯಿಯ ಮೈಯಲ್ಲಿ ಕಲೆಯೊಂದು ನಿಲ್ಲುತ್ತದೆ. 1959ರಲ್ಲಿ ರಾಬರ್ಟ್ ಮಾರ್ಟಿಮರ್ ಮತ್ತು ಜಾನ್ ಜಾನ್‌ಸ್ಟನ್ ಸೂಕ್ಷ್ಮದರ್ಶಕದಡಿ ಮರಿಗಳನ್ನು ಒಂದೊಂದಾಗಿ ಬೇರ್ಪಡಿಸಿ ಎಣಿಸಿದರು. ತಾಯಿ ಸರಾಸರಿ ಇಪ್ಪತ್ತು ಚಿಲ್ಲರೆ ಮರಿ ಹಾಕಿ ನಿಂತಿತು. ಮರಿಗಳು ತಮ್ಮ ಲೆಕ್ಕವನ್ನು ಸೊನ್ನೆಯಿಂದ ಶುರುಮಾಡಿದವು. ಮುಪ್ಪು ದೊಡ್ಡ ದೇಹಗಳ ಪಾಡು ಮಾತ್ರವಲ್ಲ ಎಂಬುದು ಅಂದೇ ಖಚಿತವಾಯಿತು.

ಮುಪ್ಪಿನ ಮೂಲ ಇರುವುದು ಆಸ್ತಿ ಹಂಚಿಕೆಯಲ್ಲಿ ಎಂಬುದು ನನ್ನ ವಾದ. 1997ರಲ್ಲಿ ಡೇವಿಡ್ ಸಿಂಕ್ಲೇರ್ ಮತ್ತು ಲೆನಾರ್ಡ್ ಗ್ಯಾರೆಂಟಿ, ವರ್ಣತಂತುವಿನಿಂದ ಕಳಚಿದ ಡಿಎನ್ಎ ಉಂಗುರಗಳು ತಾಯಿಯಲ್ಲೇ ಗುಡ್ಡೆಯಾಗುವುದನ್ನು ತೋರಿಸಿದರು. 2003ರಲ್ಲಿ, ಆಕ್ಸಿಜನ್ನಿನಿಂದ ಕೆಟ್ಟ ಪ್ರೋಟೀನುಗಳನ್ನೂ ತಾಯಿಯೇ ಉಳಿಸಿಕೊಳ್ಳುವುದು ಕಂಡಿತು. ಕಸ ತಾಯಿಗೆ, ಚೊಕ್ಕ ಬದುಕು ಮರಿಗೆ. ತೀರ ಮುದಿಯಾದ ತಾಯಿಗೆ ಈ ಹಂಚಿಕೆ ಕೈಗೂಡುವುದಿಲ್ಲ. ಅವಳ ಕೊನೆಯ ಮರಿಗಳು ಅಲ್ಪಾಯುಷಿಗಳು. ಇದು ವಾದಕ್ಕೆ ಅಡ್ಡಿಯಲ್ಲ, ಪುರಾವೆ.

ಆದರೆ ಸಾವು ಕೋಶದೊಳಗೇ ಬರೆದಿಟ್ಟ ಯೋಜನೆಯೇ? ದೇಹದ ಕೋಶಗಳು ತಾವಾಗಿಯೇ ಅಳಿಯುವ ಕ್ರಮಕ್ಕೆ 1972ರಲ್ಲಿ 'ಅಪೊಪ್ಟೋಸಿಸ್' ಎಂಬ ಹೆಸರು ಬಂತು. 1997ರಲ್ಲಿ ಫ್ರಾಂಕ್ ಮಡೇಯೊ ಮತ್ತು ಸಂಗಡಿಗರು ಅದರ ಗುರುತುಗಳನ್ನು ಯೀಸ್ಟಿನಲ್ಲಿ ಕಂಡರು. 2002ರಲ್ಲಿ ಅದಕ್ಕೆ ನೆರವಾಗುವ ಮೆಟಾಕ್ಯಾಸ್ಪೇಸ್ ಪ್ರೋಟೀನನ್ನು ವರದಿಮಾಡಿದರು. ಒಂಟಿ ಕೋಶ ಪ್ರಾಣ ಬಿಟ್ಟು ಯಾರನ್ನು ಉಳಿಸೀತು ಎಂಬ ಆಕ್ಷೇಪ ಸಹಜ. ಯೀಸ್ಟ್ ಒಂಟಿಯಲ್ಲ, ಸುತ್ತಲಿರುವುದು ಹೆಚ್ಚಾಗಿ ಒಡಹುಟ್ಟುಗಳೇ, ಸತ್ತವು ಬಿಟ್ಟ ಸಾರ ಅವುಗಳಿಗೆ ಅನ್ನ ಎಂಬ ಉತ್ತರಕ್ಕೆ ತೂಕವಿದೆ. ಆದರೂ ಅದು ಸಾಲದು. ಹಳೆಯ ಸಾಕಣೆಯ ದ್ರವದಲ್ಲಿ ಸೇರುವ ಅಸಿಟಿಕ್ ಆಮ್ಲವೇ ಕೋಶಗಳನ್ನು ಕೊಲ್ಲಬಲ್ಲದೆಂದು 2009ರಲ್ಲಿ ತಿಳಿಯಿತು. ವಿಷದಿಂದ ಬಂದ ಸಾವನ್ನು ತ್ಯಾಗ ಎನ್ನಲಾಗದು. ಮೇಲಾಗಿ ಮೆಟಾಕ್ಯಾಸ್ಪೇಸ್ ಬದುಕಿರುವ ಕೋಶದಲ್ಲಿ ಕೆಟ್ಟ ಪ್ರೋಟೀನುಗಳ ಗಂಟುಗಳನ್ನು ತೆರವುಮಾಡಲೂ ನೆರವಾಗುತ್ತದೆ. ಸಾವಿನ ಸಲಕರಣೆ ಎಂದುಕೊಂಡದ್ದು ಕಸ ಗುಡಿಸುವ ಪೊರಕೆಯೂ ಹೌದು. ಯೀಸ್ಟಿನ ಮುಪ್ಪು ಸಾಬೀತಾಗಿದೆ. ಅದರ ಆತ್ಮತ್ಯಾಗವನ್ನು ಮಾತ್ರ ಒಂದೊಂದು ಸಂದರ್ಭದಲ್ಲೂ ಹೊಸದಾಗಿ ಸಾಬೀತುಪಡಿಸಬೇಕು.