ಗುಣವೃಕ್ಷ: ಪಡುವಣ ಕರಾವಳಿಯ ಹಾಯಿನಾವೆಗಳಲ್ಲಿ ಹಗ್ಗಗಳ ವಿನ್ಯಾಸ

ಕರ್ನಾಟಕದ ನೌಕಾಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ರೇವುಗಳನ್ನೂ ಸುಂಕಗಳನ್ನೂ ಅರಸರ ನೌಕಾಬಲವನ್ನೂ ವರ್ಣಿಸಿರುವರು. ಬಾರಕೂರು, ಬಸರೂರು, ಹೊನ್ನಾವರಗಳ ವೈಭವವು ವಾಚಕರಿಗೆ ವಿದಿತವೇ ಆಗಿದೆ. ಆದರೆ ಆ ರೇವುಗಳಿಗೆ ಬಂದ ನಾವೆಗಳಲ್ಲಿ ಹಾಯಿಯನ್ನೇರಿಸಿದ ಹಗ್ಗವು ಎಲ್ಲಿ ಹಾದು ಎಲ್ಲಿ ಬಿಗಿಯಲ್ಪಡುತ್ತಿದ್ದಿತು, ಹಾಯಿಯ ಆಕಾರವು ಬೇರೆಯಾದಾಗ ಆ ಬಿಗಿತದ ಸ್ಥಾನಗಳು ಹೇಗೆ ಬದಲಾಗಬೇಕಾಯಿತು ಎಂಬ ವಿಚಾರಕ್ಕೆ ದೊರೆತ ಗಮನವು ಅಲ್ಪ. ಹಾಯಿ ಮಾರ್ಪಟ್ಟರೆ ಹಗ್ಗದ ಸಾಧನಗಳೂ ಮಾರ್ಪಡಲೇಬೇಕು. ಆ ಸಾಧನಗಳು ನಾರು ಮತ್ತು ಮರದವಾದುದರಿಂದ ಕಾಲಾಂತರದಲ್ಲಿ ನಶಿಸುವುವು. ಆದಕಾರಣ ಅವುಗಳ ಚರಿತ್ರೆಗೆ ಶಬ್ದಗಳೇ ಪ್ರಧಾನವಾದ ಪ್ರಮಾಣ. ಇದೇ ಪ್ರಕೃತ ಲೇಖನದ ಪ್ರತಿಪಾದ್ಯ.

ಅಮರಸಿಂಹನು ವಾರಿವರ್ಗದಲ್ಲಿ ಕೂಪಕಕ್ಕೆ ಗುಣವೃಕ್ಷಕವೆಂಬ ಪರ್ಯಾಯವನ್ನು ಕೊಟ್ಟಿದ್ದಾನೆ. ಗುಣವೆಂದರೆ ಇಲ್ಲಿ ಹಗ್ಗ. ನಾವೆಯ ನಡುವೆ ನಿಂತ ಮರವನ್ನು ಹಾಯಿಯಿಂದ ಹೆಸರಿಸದೆ ಹಗ್ಗದಿಂದ ಹೆಸರಿಸಿರುವುದು ಗಮನಾರ್ಹ. ಭೋಜನ ಹೆಸರಿನಲ್ಲಿರುವ ಯುಕ್ತಿಕಲ್ಪತರುವು ಸಮುದ್ರನೌಕೆಗಳಿಗೆ ಕಬ್ಬಿಣದ ಬಂಧವನ್ನು ನಿಷೇಧಿಸಿ, ಗುಣದಿಂದಲೇ ಬಂಧಿಸಬೇಕೆಂದು ವಿಧಿಸುವುದು. ಕಡಲಿನೊಳಗಣ ಅಯಸ್ಕಾಂತಶಿಲೆಗಳು ಕಬ್ಬಿಣವನ್ನು ಸೆಳೆಯುವುವೆಂಬುದು ಅಲ್ಲಿ ಹೇಳಿರುವ ಕಾರಣ. ಕಾರಣವು ಕಲ್ಪಿತವಾದರೂ ಆಚಾರವು ಸತ್ಯವಾದುದು. 14ನೆಯ ಶತಮಾನದಲ್ಲಿ ಹೊನ್ನಾವರ, ಬಾರಕೂರು, ಮಂಗಳೂರುಗಳನ್ನು ಕಂಡ ಇಬ್ನ್ ಬತೂತನು ತೆಂಗಿನ ನಾರಿನಿಂದ ಹೊಲಿದ ಹಡಗುಗಳನ್ನು ಹೊಗಳಿ, ಬಂಡೆ ತಗಲಿದಾಗ ಮೊಳೆಯ ಹಡಗು ಒಡೆಯುವುದು, ಹೊಲಿದುದು ಬಾಗಿ ಉಳಿಯುವುದು ಎಂದು ಯುಕ್ತವಾದ ಕಾರಣವನ್ನೇ ಕೊಟ್ಟಿದ್ದಾನೆ.

ಹೀಗೆ ಒಡಲನ್ನು ಹೊಲಿದ ನಾರೇ ಹಾಯಿಯನ್ನೂ ಆಳುತ್ತಿದ್ದಿತು. ತೆಂಗಿನ ನಾರಿನ ಹುರಿಯು ಉಪ್ಪುನೀರಿಗೆ ಬೇಗನೆ ಕೊಳೆಯದು, ನೀರಿನಲ್ಲಿ ತೇಲುವುದು, ಎಳೆದರೆ ಬಹಳ ಹಿಗ್ಗುವುದು. ಈ ಹಿಗ್ಗುವಿಕೆಯು ಗುಣವೂ ಹೌದು, ದೋಷವೂ ಹೌದು. ಬಿರುಗಾಳಿಯ ಮೊದಲ ಹೊಡೆತವನ್ನು ಅದು ತಾಳಿಕೊಳ್ಳುವುದು. ಆದರೆ ಬಿಗಿದ ಹಗ್ಗವು ಮತ್ತೆ ಸಡಿಲುವುದು. ಆದುದರಿಂದ ಕೂವೆಮರವನ್ನು ನಿಲ್ಲಿಸುವ ಹಗ್ಗಗಳನ್ನು ಒಮ್ಮೆ ಕಟ್ಟಿ ಬಿಟ್ಟರೆ ಸಾಲದು. ಮತ್ತೆ ಮತ್ತೆ ಬಿಗಿಯುವ ಉಪಾಯವು ಬೇಕು. ಆ ಉಪಾಯವೇ ಕಪ್ಪಿ. ಬಾವಿಯ ರಾಟೆಯಂತೆ ಒಂದೇ ಕಪ್ಪಿಯು ಸ್ಥಿರವಾಗಿದ್ದರೆ ಎಳೆತದ ದಿಕ್ಕು ಮಾತ್ರ ಬದಲಾಗುವುದು. ಭಾರದೊಡನೆ ಚಲಿಸುವ ಇನ್ನೊಂದು ಕಪ್ಪಿಯನ್ನು ಕೂಡಿಸಿದರೆ ಅರ್ಧದಷ್ಟು ಬಲವು ಸಾಕಾಗುವುದು, ಆದರೆ ಎರಡರಷ್ಟು ಹಗ್ಗವನ್ನು ಎಳೆಯಬೇಕಾಗುವುದು.

ಇನ್ನು ಹಾಯಿಯ ಆಕಾರವನ್ನು ವಿಚಾರಿಸುವ. ಅಜಂತದ ಎರಡನೆಯ ಗುಹೆಯ ಚಿತ್ರದಲ್ಲಿರುವ ನಾವೆಗೆ ಮೂರು ಕೂವೆಮರಗಳೂ ಎತ್ತರವಾದ ಚತುರಸ್ರ ಹಾಯಿಗಳೂ ಇವೆ. ಮರಕ್ಕೆ ಅಡ್ಡವಾಗಿ ನಿಲ್ಲುವ ಚತುರಸ್ರ ಹಾಯಿಗೆ ಎಡಬಲಗಳೆರಡೂ ಸಮಾನ. ಆದಕಾರಣ ಒಂದು ಪಕ್ಕದಲ್ಲಿರುವ ಹಗ್ಗಕ್ಕೆ ಇನ್ನೊಂದು ಪಕ್ಕದಲ್ಲಿ ಜೊತೆಯಿರುವುದು, ಕಟ್ಟುವ ಗೂಟಗಳು ಸ್ಥಿರವಾಗಿ ನಿಲ್ಲಬಹುದು. ಈಚಿನ ಶತಮಾನಗಳ ಪತ್ತೆಮಾರಿಯ ರೀತಿಯು ಬೇರೆ. ಅದರ ಕೂವೆಮರವು ಮುಂದಕ್ಕೆ ಬಾಗಿರುವುದು. ಉದ್ದವಾದ ಅಡ್ಡಮರವು ಓರೆಯಾಗಿ ತೂಗುವುದು. ಹಾಯಿಯು ಮುಂಗೋಣವನ್ನು ಕತ್ತರಿಸಿದ ತ್ರಿಕೋಣದಂತಿರುವುದು. ಗಾಳಿಯನ್ನು ಇನ್ನೊಂದು ಮಗ್ಗುಲಿಗೆ ಹಿಡಿಯಬೇಕಾದಾಗ ನಾವಿಕರು ಆ ಭಾರವಾದ ಅಡ್ಡಮರವನ್ನು ನೆಟ್ಟಗೆ ಮಾಡಿ, ಕೂವೆಯ ಮುಂದಿನಿಂದ ಸುತ್ತಿಸಿ ಆಚೆಗೆ ಒಯ್ಯುವರು. ಹಾಯಿಯ ಕೆಳತುದಿಯ ಹಗ್ಗವನ್ನೂ ಹಾಗೆಯೇ ಸುತ್ತಿ ತರುವರು. ಕೂವೆಯನ್ನು ಹಿಡಿದಿರುವ ಪಕ್ಕದ ಹಗ್ಗಗಳನ್ನು ಬಿಚ್ಚಿ ಗಾಳಿ ಬರುವ ಕಡೆಗೆ ಕಟ್ಟುವರು. ಹಾಯಿಯನ್ನೇರಿಸುವ ದಪ್ಪ ಹಗ್ಗವನ್ನು ಹಿಂಭಾಗದಲ್ಲಿ ಬಿಗಿಯುವುದರಿಂದ ಅದೇ ಕೂವೆಗೆ ಹಿಂದಣ ಆಧಾರವೂ ಆಗುವುದು. ಇಂತಹ ನಾವೆಯಲ್ಲಿ ಅಲುಗದಂತೆ ಜಡಿದ ಸಾಧನವು ಅಡ್ಡಿಯೇ ಸರಿ. ಬೇಗನೆ ಬಿಚ್ಚಿ ಬೇಗನೆ ಸಿಕ್ಕಿಸಬಹುದಾದ ಮರದ ಕೀಲೂ ಸ್ಥಳ ಬದಲಿಸುವ ಕಪ್ಪಿಯೂ ಅದಕ್ಕೆ ಬೇಕು. ಮಂಜಿ, ಪತ್ತೆಮಾರಿ ಮೊದಲಾದ ನಾವೆಗಳನ್ನು ಕುರಿತು ತಿರುಕೋಣಮಲೆಯ ನೌಕಾಂಗಣದ ಶಿಲ್ಪಿಯಾಗಿದ್ದ ಜಾನ್ ಈಡ್ ಎಂಬಾತನು 1834ರಲ್ಲಿ ಪ್ರಕಟಿಸಿದ ಲೇಖನವು ಈ ವಿಷಯಕ್ಕೆ ಉಪಯುಕ್ತವಾದುದು.

ಶಬ್ದಗಳ ಸಾಕ್ಷ್ಯವನ್ನು ನೋಡಿದರೆ ಎರಡು ವರ್ಗಗಳು ಸ್ಪಷ್ಟವಾಗುವುವು. ಹಾಯಿಯು ದ್ರಾವಿಡಶಬ್ದ, ತಮಿಳಿನ ಪಾಯ್ ಎಂಬುದಕ್ಕೆ ಚಾಪೆಯೆಂದೂ ಅರ್ಥವಿರುವುದರಿಂದ ಚಾಪೆಯ ಹಾಯಿಗಳ ಕಾಲವನ್ನು ಅದು ಸೂಚಿಸುವುದು. ಹುರಿ, ಹಗ್ಗಗಳೂ ನಮ್ಮವೇ. ಕೂವೆಯು ಕೂಪಕಕ್ಕೆ ಸಮೀಪವಾದುದು. ಚುಕ್ಕಾಣಿಯಾದರೋ ಅರಬ್ಬಿಯ ಸುಕ್ಕಾನ್; ಲಂಗರು ಪಾರಸಿಯದು. ಅಜಂತದ ನಾವೆಗೆ ದಿಕ್ಕನ್ನು ತೋರಿಸುವುದು ಪಕ್ಕದ ಹುಟ್ಟು. ಹಿಂದುಗಡೆ ಕೀಲಿಸಿದ ಚುಕ್ಕಾಣಿಯಲ್ಲ. ವಸ್ತುವಿನೊಡನೆ ಹೆಸರೂ ಬಂದಿತೆಂದು ಊಹಿಸುವುದು ಅಸಂಗತವಾಗಲಾರದು. ಉಪಕರಣವು ಬದಲಾಗಿಯೂ ಹಗ್ಗದ ಹೆಸರು ಬದಲಾಗದೆ ಉಳಿದುದೇ ಇಲ್ಲಿ ವಿಶೇಷ.

ಈ ವಿಚಾರವು ಕೇವಲ ಶಬ್ದಕುತೂಹಲವಲ್ಲವೆಂಬುದಕ್ಕೆ ಈಚಿನ ಒಂದು ನಿದರ್ಶನವುಂಟು. ಅಜಂತದ ಚಿತ್ರವನ್ನು ಆಧರಿಸಿ, ಬಾಬು ಶಂಕರನ್ ಎಂಬ ಶಿಲ್ಪಿಯ ನೇತೃತ್ವದಲ್ಲಿ ಗೋವೆಯಲ್ಲಿ ಹೊಲಿದು ಕಟ್ಟಿದ ನಾವೆಯು 2025ನೆಯ ಮೇ 21ರಂದು ಕಾರವಾರದಲ್ಲಿ ಕೌಂಡಿನ್ಯವೆಂಬ ಹೆಸರಿನಿಂದ ಭಾರತೀಯ ನೌಕಾದಳವನ್ನು ಸೇರಿತು. ಆ ವರ್ಷದ ಡಿಸೆಂಬರು 29ರಂದು ಪೋರಬಂದರಿನಿಂದ ಹೊರಟು 2026ನೆಯ ಜನವರಿ 14ರಂದು ಮಸ್ಕತವನ್ನು ಮುಟ್ಟಿತು. ಅದರಲ್ಲಿ ಚತುರಸ್ರ ಹಾಯಿಗಳೂ ದಿಕ್ಕಿನ ಹುಟ್ಟುಗಳೂ ಇವೆ. ಆದರೆ ಅಂತಹ ನಾವೆಯ ನಕ್ಷೆಯಾಗಲಿ ಅವಶೇಷವಾಗಲಿ ಉಳಿದಿರಲಿಲ್ಲ. ಹೊಲಿಗೆಯ ವಿದ್ಯೆಯು ಶಿಲ್ಪಿಗಳ ಕೈಯಲ್ಲಿ ಜೀವಂತವಾಗಿದ್ದಿತು. ಹಗ್ಗಗಳ ವಿನ್ಯಾಸವನ್ನಾದರೋ ಮೂಲತತ್ತ್ವಗಳಿಂದ ಮೊದಲುಗೊಂಡು ಹೊಸದಾಗಿ ಯೋಚಿಸಿ ಪರೀಕ್ಷಿಸಬೇಕಾಯಿತು. ಭಿತ್ತಿಚಿತ್ರವು ನಾವೆಯ ರೂಪವನ್ನು ತೋರಿಸಬಲ್ಲದು; ಯಾವ ಹಗ್ಗವನ್ನು ಯಾವಾಗ ಸಡಿಲಿಸಬೇಕೆಂಬುದನ್ನು ಹೇಳಲಾರದು. ಅದನ್ನು ಹೇಳಬಲ್ಲುದು ನಾವಿಕನ ಕೈ, ಅವನ ಮಾತು.

ಪರ್ಕಳವು ಕಡಲಂಚಿನ ಊರಲ್ಲ; ಉಡುಪಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿರುವುದು. ಸುರಹೊನ್ನೆಯ ಜಾತಿಯ ನೀಳವಾದ ಕೂವೆಮರಗಳನ್ನು ಘಟ್ಟವೂ, ತೆಂಗಿನ ಹುರಿಯನ್ನು ಕರಾವಳಿಯೂ ಕೊಟ್ಟುವು. ಇವೆರಡರ ನಡುವೆ ನಿಂತು ನೋಡುವವನಿಗೆ ನಾವೆಯು ಕಡಲಿನ ವಸ್ತು ಮಾತ್ರವಲ್ಲ, ನಾಡಿನ ವಸ್ತುವೆಂದು ತೋರುವುದು. ಮಂಗಳೂರಿನ ಹಳೆಯ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕನ್ನೊಯ್ಯುವ ಯಂತ್ರನೌಕೆಗಳಿಗೆ ಇಂದಿಗೂ ಮಂಜಿಯೆಂಬ ಹೆಸರಿದೆ. ಹಾಯಿಯನ್ನು ನಂಬಿ ನಡೆದ ಕಾಲವು ಮುಗಿದಿದೆ. ಹಾಯಿಯ ಹಗ್ಗವನ್ನೆಳೆದವರು ಈಗ ವಯೋವೃದ್ಧರು. ಮಲ್ಪೆ, ಹಂಗಾರಕಟ್ಟೆ, ಗಂಗೊಳ್ಳಿಗಳ ಸಮೀಪದ ಶಾಲೆಗಳಲ್ಲಿರುವ ಅಧ್ಯಾಪಕರು ಅಂತಹ ತಂಡೇಲರಲ್ಲಿಗೆ ಹೋಗಿ, ಪ್ರತಿಯೊಂದು ಹಗ್ಗದ ಹೆಸರನ್ನೂ ಅದು ಕಟ್ಟಲ್ಪಡುವ ಸ್ಥಾನವನ್ನೂ ಚಿತ್ರದೊಡನೆ ಬರೆದುಕೊಂಡರೆ ನಿಘಂಟಿಗೆ ಪದಗಳೂ ಚರಿತ್ರೆಗೆ ಪ್ರಮಾಣಗಳೂ ದೊರೆಯುವುವು. ಹೆಸರನ್ನು ಮಾತ್ರ ಬರೆದು ಸ್ಥಾನವನ್ನು ಬಿಟ್ಟರೆ ಕಾರ್ಯವು ಅರ್ಧವಾಗುವುದೆಂದು ವಿದ್ವಾಂಸರಲ್ಲಿ ವಿಜ್ಞಾಪನೆ.