ಎರಡನೆಯ ಡಿಕಾಕ್ಷನ್

ಮದುವೆಯಾಗಿ ನಾನು ಮೈಸೂರಿನ ಮನೆ ಸೇರಿದ್ದು 1972ರಲ್ಲಿ. ಮಾರನೆಯ ದಿನ ಇನ್ನೂ ಬೆಳಕು ಹರಿಯುವ ಮುಂಚೆಯೇ ಕಾಫಿಯ ಘಮಕ್ಕೆ ಎಚ್ಚರವಾಯಿತು. ಎದ್ದು ಹೋಗಿ ನೋಡಿದರೆ ಅಡಿಗೆಮನೆಯಲ್ಲಿ ಅತ್ತೆಯವರು ಹಿತ್ತಾಳೆ ಫಿಲ್ಟರಿಗೆ ಕುದಿನೀರು ಹುಯ್ಯುತ್ತಿದ್ದರು. ನಾನು ಸಕಲೇಶಪುರದ ಕಡೆಯವಳು. ನಮ್ಮಲ್ಲಿ ಕುದಿಯುವ ಬೆಲ್ಲದ ನೀರಿಗೆ ಪುಡಿ ಹಾಕಿ, ಬಟ್ಟೆಯಲ್ಲಿ ಸೋಸಿ, ಹಾಲಿದ್ದರೆ ಒಂದಿಷ್ಟು ಬೆರೆಸಿದರೆ ಕಾಫಿಯಾಯಿತು. ಈ ಎರಡಂತಸ್ತಿನ ಪಾತ್ರೆಯ ಮುಂದೆ ಕಾದು ಕೂರುವ ಶಿಸ್ತು ನನಗೆ ಹೊಸದು.

ಡಿಕಾಕ್ಷನ್ ಇಳಿಯಿತು. ಮೊದಲ ಲೋಟ ಮಾವನವರಿಗೆ ಹೋಯಿತು. ಆಮೇಲೆ ಭಾವನವರಿಗೆ, ನಮ್ಮ ಯಜಮಾನರಿಗೆ, ಮದುವೆಗೆ ಬಂದು ಉಳಿದಿದ್ದ ಗಂಡಸರಿಗೆಲ್ಲ ನೊರೆ ಕಟ್ಟಿದ ಲೋಟಗಳು ಹೊರಗೆ ಹೋದವು. ಹೆಂಗಸರ ಸರದಿ ಬಂದಾಗ ಅತ್ತೆಯವರು ಅದೇ ಚರಟದ ಮೇಲೆ ಇನ್ನೊಂದು ಸಲ ಕುದಿನೀರು ಹುಯ್ದರು. ಕೆಳಗೆ ಇಳಿದದ್ದು ತಿಳಿಯಾದ ಕಂದು ನೀರು. ನನ್ನ ಮುಖ ನೋಡಿದರೋ ಏನೋ, "ಅದು ಅವರಿಗೆ, ಇದು ನಮಗೆ" ಎಂದರು. ಅವರ ದನಿಯಲ್ಲಿ ಬೇಸರವಿರಲಿಲ್ಲ. ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಹೊಸ ಸೊಸೆಗೆ ತೋರಿಸುವ ಹಾಗೆ ಹೇಳಿದರು.

ಆಮೇಲೆ ಕಾಫಿಯ ಚರಿತ್ರೆಯನ್ನು ಅಲ್ಲಿ ಇಲ್ಲಿ ಓದುವಾಗಲೆಲ್ಲ ನನಗೆ ಈ ಮಾತು ನೆನಪಾಗಿದೆ. ನಮ್ಮ ನಾಡಿನ ಕಾಫಿಯಲ್ಲಿ ಮೊದಲಿನಿಂದಲೂ ಒಂದು 'ಅವರಿಗೆ' ಮತ್ತು ಒಂದು 'ನಮಗೆ' ಇದ್ದೇ ಇತ್ತು.

ಬಾಬಾ ಬುಡನ್ ಅವರ ಕಥೆ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಹದಿನೇಳನೆಯ ಶತಮಾನದಲ್ಲಿ, 1670ರ ಸುಮಾರಿಗೆ ಎನ್ನುತ್ತಾರೆ, ಮೆಕ್ಕಾ ಯಾತ್ರೆ ಮುಗಿಸಿ ಬರುವಾಗ ಅವರು ಯೆಮನ್ನಿನ ಮೋಖಾ ಬಂದರಿನಿಂದ ಏಳು ಕಾಫಿ ಬೀಜಗಳನ್ನು ಬಚ್ಚಿಟ್ಟುಕೊಂಡು ತಂದರಂತೆ. ಮೊಳಕೆ ಬರುವ ಬೀಜವನ್ನು ಅರಬ್ ವ್ಯಾಪಾರಿಗಳು ಹೊರಗೆ ಬಿಡುತ್ತಿರಲಿಲ್ಲವಂತೆ. ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದಲ್ಲಿ ಆ ಏಳು ಬೀಜ ಊರಿದ್ದರಿಂದ ಬೆಟ್ಟಕ್ಕೆ ಅವರ ಹೆಸರೇ ನಿಂತಿತು. ಅಲ್ಲಿಂದ ಮುಂದೆ ಸುಮಾರು ನೂರೈವತ್ತು ವರ್ಷ ಅದು ಹಿತ್ತಲ ಗಿಡವಾಗಿಯೇ ಇತ್ತು. 1820ರ ದಶಕದಲ್ಲಿ ಇಂಗ್ಲಿಷರು ಚಿಕ್ಕಮಗಳೂರಿನ ಕಡೆ ತೋಟ ಹಾಕಿದರು. 1854ರಲ್ಲಿ ಮಡಿಕೇರಿಯ ಬಳಿ ಹಾಕಿದರು. ಹಿತ್ತಲ ಗಿಡ ಹಡಗು ಹತ್ತಿತು. ನಡುವೆ ಎಲೆಗೆ ತುಕ್ಕುರೋಗ ಬಂದು ಸಿಂಹಳದ ಕಾಫಿ ತೋಟಗಳು ನಾಶವಾಗಿ ಅವರು ಚಹಾಕ್ಕೆ ತಿರುಗಿಕೊಂಡರು. ನಮ್ಮವರು ಹೇಗೋ ತಾಳಿಕೊಂಡರು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಮೈಸೂರು ಸರ್ಕಾರ ಕಾಫಿಗಾಗಿಯೇ ಒಂದು ಪ್ರಯೋಗ ಕೇಂದ್ರ ತೆರೆಯಿತು. ಅಲ್ಲಿ ತಯಾರಾದ 'ಎಸ್. 795' ತಳಿ ಇವತ್ತಿಗೂ ನಮ್ಮ ಅರೇಬಿಕಾ ತೋಟಗಳಲ್ಲಿದೆ.

ಬೆಳೆದವರು ಕುಡಿದರೇ? ನಮ್ಮ ಅಜ್ಜಿ ಹೇಳುತ್ತಿದ್ದ ಪ್ರಕಾರ ಅವರು ಚಿಕ್ಕವರಿದ್ದಾಗ ಬೆಳಿಗ್ಗೆ ಎಂದರೆ ತಂಗಳನ್ನ, ಮಜ್ಜಿಗೆ, ಇಲ್ಲವೇ ರಾಗಿ ಅಂಬಲಿ. ಕಾಫಿ ತೋಟದ ಅಂಚಿನಲ್ಲೇ ಮನೆ, ಮನೆಯೊಳಗೆ ಮಾತ್ರ ಕಾಫಿಯಿಲ್ಲ. ಅದು ಒಳಗೆ ಬಂದಾಗ ಹಿರಿಯರು "ಕಲಿಗಾಲ" ಎಂದು ಗೊಣಗಿದರಂತೆ. ಗೊಣಗಿದವರೇ ಮೊದಲ ಲೋಟಕ್ಕೆ ಕೈಚಾಚಿದರೆಂಬುದು ಅಜ್ಜಿಯ ವರದಿ.

1939ರಲ್ಲಿ ಯುದ್ಧ ಶುರುವಾಗಿ ಯೂರೋಪಿನ ಪೇಟೆ ಮುಚ್ಚಿತು. ಕಾಫಿ ಕೊಳ್ಳುವವರಿಲ್ಲದೆ ಉಳಿಯಿತು. ಬೆಳೆಗಾರರನ್ನು ಉಳಿಸಲೆಂದು ಸರ್ಕಾರ 1940ರಲ್ಲಿ ಸುಗ್ರೀವಾಜ್ಞೆ ತಂದು, 1942ರಲ್ಲಿ ಕಾಫಿ ಕಾಯ್ದೆ ಮಾಡಿತು. ಬೆಳೆದ ಕಾಫಿಯನ್ನೆಲ್ಲ ಕಾಫಿ ಬೋರ್ಡಿನ 'ಪೂಲ್'ಗೆ ಒಪ್ಪಿಸಬೇಕು, ಮನೆ ಖರ್ಚಿಗೆ ಒಂದಿಷ್ಟು ಇಟ್ಟುಕೊಳ್ಳಬಹುದು. ಬೋರ್ಡು ರಫ್ತಿಗೆ ಬೇರೆ, ಒಳನಾಡಿಗೆ ಬೇರೆ ಹರಾಜು ನಡೆಸುತ್ತಿತ್ತು. ಬೆಳೆಗಾರನಿಗೆ ದುಡ್ಡು ಕಂತು ಕಂತಾಗಿ ಬರುತ್ತಿತ್ತು. ಕಷ್ಟಕಾಲದಲ್ಲಿ ಈ ಏರ್ಪಾಟು ಎಷ್ಟೋ ಸಣ್ಣ ತೋಟಗಳನ್ನು ಕಾಪಾಡಿತೆಂದು ನಮ್ಮ ತಂದೆ ಹೇಳುತ್ತಿದ್ದರು, ನಾನೂ ನಂಬುತ್ತೇನೆ. ಆದರೆ ಯುದ್ಧ ಮುಗಿದು ಅರ್ಧ ಶತಮಾನವಾದರೂ ಅದು ಮುಗಿಯಲಿಲ್ಲ.

ನಮ್ಮ ದೊಡ್ಡಮ್ಮನಿಗೆ ಮೂರೆಕರೆ ಕಾಫಿಯಿತ್ತು. ನನ್ನ ಬಾಣಂತನಕ್ಕೆ ಅವರು ಮೈಸೂರಿಗೆ ಬಂದಾಗ ಹಾಸಿಗೆ ಸುರುಳಿಯ ಹೊಟ್ಟೆಯೊಳಗೆ ಎರಡು ಸೇರು ಕಾಫಿ ಬೀಜ ಬಚ್ಚಿಟ್ಟುಕೊಂಡು ತಂದಿದ್ದರು. ದಾರಿಯಲ್ಲಿ ಬಸ್ಸು ನಿಲ್ಲಿಸಿ ಪೇದೆಯೊಬ್ಬ ಮೂಟೆಗಳನ್ನು ಕೋಲಿನಿಂದ ತಿವಿದು ನೋಡಿದನಂತೆ. ದೊಡ್ಡಮ್ಮ ಹಾಸಿಗೆಯ ಮೇಲೆ ಕೂತವರು ಏಳಲಿಲ್ಲ. "ಸೊಂಟ ಹಿಡಿದಿದೆ ಕಣಪ್ಪ, ಏಳಕ್ಕಾಗಲ್ಲ" ಎಂದುಬಿಟ್ಟರು. ತಮ್ಮ ತೋಟದ, ತಾವೇ ಕೊಯ್ದ, ತಾವೇ ಒಣಗಿಸಿದ ಬೀಜ! ಬಾಬಾ ಬುಡನ್ ಏಳು ಬೀಜ ತಂದದ್ದನ್ನು ಎಲ್ಲರೂ ಕೊಂಡಾಡುತ್ತಾರೆ. ನಮ್ಮ ದೊಡ್ಡಮ್ಮ ಅದಕ್ಕಿಂತ ಎಷ್ಟೋ ಹೆಚ್ಚು ತಂದರೆಂದು ನಾವು ತಮಾಷೆ ಮಾಡುತ್ತಿದ್ದೆವು.

ಕಾಫಿಯ ಪ್ರತಿ ಹಂತದಲ್ಲೂ ಹೆಂಗಸರ ಕೈಯಿದೆ. ಗಿಡದಲ್ಲಿ ಹಸಿರು ಕಾಯಿ ಬಿಟ್ಟು ಕೆಂಪು ಹಣ್ಣನ್ನಷ್ಟೇ ಆಯ್ದು ಕೀಳಬೇಕು. ಆ ಕೆಲಸಕ್ಕೆ ಹೆಚ್ಚಾಗಿ ಹೆಂಗಸರೇ. ಚಿಕ್ಕಮಗಳೂರು, ಹಾಸನ, ಮಂಗಳೂರುಗಳ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಸಾಲಾಗಿ ಕೂತು ಕಪ್ಪಾದ, ಒಡೆದ, ಹುಳ ಕೊರೆದ ಬೀಜಗಳನ್ನು ಆರಿಸುತ್ತಿದ್ದವರೂ ಅವರೇ. ಯಂತ್ರಗಳು ಬಂದ ಮೇಲೂ ಈ ಕೆಲಸ ಪೂರಾ ಹೋಗಿಲ್ಲ. ಆರಿಸಿದ ಮೇಲೆ ದಪ್ಪನೆಯ ಚೊಕ್ಕ ಬೀಜ 'ಪ್ಲಾಂಟೇಷನ್ ಎ', ಸಣ್ಣದು 'ಬಿ'. ಹಣ್ಣಿನೊಳಗೆ ಎರಡರ ಬದಲು ಒಂದೇ ಬೀಜ ಗುಂಡಗೆ ಬೆಳೆದಿದ್ದರೆ 'ಪೀಬೆರಿ'. ಸಿಪ್ಪೆ ಸಮೇತ ಒಣಗಿಸಿದ್ದು 'ಚೆರಿ'. ಕಡೆಗೆ ಉಳಿಯುವ ಕಪ್ಪು, ಕಂದು, ಚೂರುಗಳಿಗೂ ಒಂದು ದರ್ಜೆಯುಂಟು, 'ಬಿ.ಬಿ.ಬಿ.' ಎಂದು. ಒಳ್ಳೆಯದರ ಬಹುಪಾಲು ಹಡಗು ಹತ್ತುತ್ತಿತ್ತು. ಅಗ್ಗದ ಪುಡಿಯಲ್ಲಿ ನಮ್ಮ ಪಾಲಿಗೆ ಬರುತ್ತಿದ್ದದ್ದು ಇಂಥ ಉಳಿಕೆ. ಮೊದಲ ಡಿಕಾಕ್ಷನ್ ಹೊರದೇಶಕ್ಕೆ, ಎರಡನೆಯದು ನಾಡಿಗೆ ಎಂದಂತಾಯಿತು. ಈಗಲೂ ದೇಶದ ಕಾಫಿಯಲ್ಲಿ ಮೂರರಲ್ಲಿ ಎರಡು ಪಾಲು ರಫ್ತಾಗುತ್ತದೆ.

ಹಾಗಾಗಿ ಪಟ್ಟಣದ ಗೃಹಿಣಿಗೆ ಒಳ್ಳೆಯ ಕಾಫಿ ಹುಡುಕುವುದೇ ಒಂದು ವಿದ್ಯೆಯಾಗಿತ್ತು. ಪುಡಿ ತರುವುದು ಗಂಡಸರ ಕೆಲಸ, ಸರಿಯಿಲ್ಲದಿದ್ದರೆ ಬೈಸಿಕೊಳ್ಳುವುದು ಹೆಂಗಸರ ಕೆಲಸ. ಅತ್ತೆಯವರು ಚೀಟಿಯಲ್ಲಿ ಬರೆದುಕೊಡುತ್ತಿದ್ದರು: ಅರ್ಧ ಪೀಬೆರಿ, ಅರ್ಧ ಪ್ಲಾಂಟೇಷನ್, ಕಾಲು ಕಿಲೋಗಿಂತ ಹೆಚ್ಚು ಬೇಡ, ಕಣ್ಣೆದುರೇ ಬೀಸಿಸಿ. ಪೊಟ್ಟಣ ಮನೆಗೆ ಬಂದಾಗ ಇನ್ನೂ ಬಿಸಿಯಾಗಿರಬೇಕು. ಅನುಮಾನ ಬಂದರೆ ಒಂದು ಗಾಜಿನ ಲೋಟದಲ್ಲಿ ತಣ್ಣೀರಿಟ್ಟು ಮೇಲೆ ಒಂದು ಚಿಟಿಕೆ ಪುಡಿ ಉದುರಿಸುತ್ತಿದ್ದರು. ಕಾಫಿಯಾದರೆ ತೇಲುತ್ತದೆ. ಚಿಕೋರಿಯಾದರೆ ಕಂದು ಗೆರೆ ಎಳೆಯುತ್ತ ಕೂಡಲೇ ಮುಳುಗುತ್ತದೆ. ಈ ಪರೀಕ್ಷೆ ಪುಸ್ತಕಗಳಲ್ಲೂ ಇದೆಯೆಂದು ನನಗೆ ಗೊತ್ತಾದದ್ದು ಬಹಳ ಆಮೇಲೆ. ಮೂರನೆ ಕ್ಲಾಸು ಓದಿದ ಅವರಿಗೆ ಯಾರು ಹೇಳಿಕೊಟ್ಟಿದ್ದರೋ.

ಚಿಕೋರಿಯ ಬಗ್ಗೆ ಒಂದು ಮಾತು. ಅದನ್ನು ಕಲಬೆರಕೆ ಎಂದು ಬೈಯುವುದು ಈಗ ಫ್ಯಾಷನ್. ಅದೊಂದು ಗಿಡದ ಬೇರು, ಹುರಿದು ಪುಡಿ ಮಾಡುತ್ತಾರೆ. ನೆಪೋಲಿಯನ್ 1806ರಲ್ಲಿ ಇಂಗ್ಲೆಂಡಿನ ವ್ಯಾಪಾರ ತಡೆದಾಗ ಕಾಫಿ ಸಿಗದ ಫ್ರೆಂಚರಲ್ಲಿ ಅದರ ಬಳಕೆ ಹೆಚ್ಚಿತು. ನಮ್ಮ ದೇಶದಲ್ಲಿ ಗುಜರಾತಿನ ಜಾಮ್‌ನಗರದ ಕಡೆ ಬೆಳೆಯುತ್ತಾರೆ. ನೂರರಲ್ಲಿ ನಲವತ್ತೊಂಬತ್ತು ಪಾಲಿನವರೆಗೂ ಬೆರೆಸಲು ಕಾನೂನಿನಲ್ಲೇ ಅವಕಾಶವಿದೆ, ಎಷ್ಟು ಬೆರೆಸಿದ್ದೆಂದು ಪೊಟ್ಟಣದ ಮೇಲೆ ಅಚ್ಚು ಹಾಕಬೇಕು ಅಷ್ಟೆ. ಅದರಲ್ಲಿ ಕೆಫೀನ್ ಇಲ್ಲ. ಬಣ್ಣವಿದೆ, ಒಂದು ಬಗೆಯ ಕಹಿಯಿದೆ. ನೀರನ್ನು ಹಿಡಿದಿಟ್ಟು ನಿಧಾನವಾಗಿ ಬಿಡುವುದರಿಂದ ಡಿಕಾಕ್ಷನ್ ಮಂದವಾಗುತ್ತದೆ. ಸಂಬಳ ಮುಗಿದ ತಿಂಗಳ ಕೊನೆಯ ವಾರದಲ್ಲಿ ಹತ್ತು ಜನರ ಮಾನ ಉಳಿಸಿದ್ದು ಅದೇ ಬೇರು. ನೂರಕ್ಕೆ ಹತ್ತು ಹದಿನೈದು ಪಾಲು ಇದ್ದರೆ ಹಾಲಿನ ಕಾಫಿಗೆ ಚೆನ್ನಾಗಿಯೇ ಒದಗುತ್ತದೆಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಹೋಟೆಲಿನ ಕಾಫಿ ಹೇಗಿರುತ್ತದೆಂದು ಅತ್ತೆಯವರಿಗೆ ಗೊತ್ತಿರಲಿಲ್ಲ. ಹೆಂಗಸರು ಹೋದರೆ ಪರದೆ ಇಳಿಬಿಟ್ಟ 'ಫ್ಯಾಮಿಲಿ ರೂಂ'ನಲ್ಲಿ ಕೂರಬೇಕಿತ್ತು. ಮಾವನವರಿಗೆ ಅದೂ ಒಪ್ಪಿಗೆಯಿರಲಿಲ್ಲ. ನಾನು ಪರದೆಯಿಲ್ಲದೆ ಕೂತು ಕುಡಿದದ್ದು ಬೆಂಗಳೂರಿನ ಎಂ.ಜಿ. ರಸ್ತೆಯ ಕಾಫಿ ಹೌಸಿನಲ್ಲಿ. 1936ರಲ್ಲಿ ಮುಂಬಯಿಯಲ್ಲಿ ಶುರುವಾದ ಈ ಕಾಫಿ ಹೌಸುಗಳನ್ನು ಐವತ್ತರ ದಶಕದಲ್ಲಿ ಬೋರ್ಡು ಮುಚ್ಚಹೊರಟಾಗ, ಎ.ಕೆ. ಗೋಪಾಲನ್ ಅವರ ಒತ್ತಾಸೆಯಿಂದ ನೌಕರರೇ ಸಹಕಾರ ಸಂಘ ಕಟ್ಟಿಕೊಂಡರು. ಮೊದಲ ಸಂಘ 1957ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿಯೇ. ಎಂ.ಜಿ. ರಸ್ತೆಯದು 2009ರಲ್ಲಿ ಜಾಗ ಖಾಲಿ ಮಾಡಿ ಚರ್ಚ್ ಸ್ಟ್ರೀಟಿಗೆ ಹೋಯಿತು. ತಲೆಗೆ ಗರಿಪೇಟ ಕಟ್ಟಿದ ಮಾಣಿ ನನ್ನ ಮುಂದೆಯೂ ನಮ್ಮ ಯಜಮಾನರ ಮುಂದೆಯೂ ಒಂದೇ ಥರದ ಕಪ್ಪು ಇಟ್ಟು ಹೋದದ್ದು ಇನ್ನೂ ಕಣ್ಣಿಗೆ ಕಟ್ಟಿದೆ.

ಅತ್ತೆಯವರ ಕ್ರಮವನ್ನೂ ಬರೆದಿಡುತ್ತೇನೆ. ಫಿಲ್ಟರು ಒಣಗಿರಬೇಕು. ಮೇಲಿನ ಪಾತ್ರೆಗೆ ಆರು ಲೋಟಕ್ಕೆ ಆರು ಚಮಚ ಪುಡಿ ಹಾಕಿ ಒಮ್ಮೆ ತಟ್ಟಿ ಸಮ ಮಾಡಬೇಕು. ಪುಡಿ ತೀರ ನುಣ್ಣಗಿದ್ದರೆ ತೂತು ಕಟ್ಟಿಕೊಳ್ಳುತ್ತದೆ, ದಪ್ಪಗಿದ್ದರೆ ನೀರು ಓಡಿಬಿಡುತ್ತದೆ. ಕೊಡೆಯ ಹಾಗಿರುವ ಬಿಲ್ಲೆಯನ್ನು ಮೆತ್ತಗೆ ಇಟ್ಟರೆ ಸಾಕು, ಅದುಮಬಾರದು. ನೀರು ಕುದಿದು ಇಳಿಸಿದ ಮೇಲೆ ಹತ್ತು ಎಣಿಸಿ, ಮೊದಲು ಪುಡಿ ನೆನೆಯುವಷ್ಟೇ ಸುತ್ತ ಹುಯ್ದು, ಆಮೇಲೆ ಉಳಿದದ್ದನ್ನು ಹುಯ್ದು ಮುಚ್ಚಬೇಕು. ಇಪ್ಪತ್ತು ನಿಮಿಷ ಅದರ ತಂಟೆಗೆ ಹೋಗಬಾರದು. ಡಿಕಾಕ್ಷನ್ನನ್ನು ಒಲೆಯ ಮೇಲಿಟ್ಟು ಕುದಿಸುವವರನ್ನು ಕಂಡರೆ ಅವರಿಗಾಗುತ್ತಿರಲಿಲ್ಲ. ಹಾಲು ಆಗಷ್ಟೇ ಉಕ್ಕಿದ್ದಾಗಿರಬೇಕು. ಮೂರು ಸಲ ಕಾಯಿಸಿದ ಹಾಲು ಎಂಥ ಪೀಬೆರಿಯನ್ನೂ ಕೆಡಿಸುತ್ತದೆ. ತೂತು ಕಟ್ಟಿದರೆ ಸೂಜಿ ಹಾಕಬೇಡಿ. ಮೇಲಿನ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು ಉರಿಯ ಮೇಲೆ ಕಾಯಿಸಿದರೆ ಅಂಟಿದ ಪುಡಿ ಸುಟ್ಟು ಉದುರುತ್ತದೆ.

ಇಷ್ಟೆಲ್ಲ ನೇಮದಿಂದ ಇಳಿಸಿದ್ದನ್ನು ಅವರು ಎಂದೂ ಕುಡಿಯಲಿಲ್ಲ, ರುಚಿ ನೋಡಿದ್ದನ್ನೂ ನಾನು ಕಾಣೆ. ಘಮದಿಂದಲೇ ತಿಳಿದುಕೊಳ್ಳುತ್ತಿದ್ದರು. ಇನ್ನೊಂದನ್ನು ಬರೆಯಲು ನಾಚಿಕೆಯಾಗುತ್ತದೆ. ಹಿತ್ತಲ ಗೋಡೆಯ ಗೂಡಿನಲ್ಲಿ ಒಂದು ನೆಗ್ಗಿದ ಲೋಟವಿತ್ತು. ಅದು ಪಾತ್ರೆ ತೊಳೆಯಲು ಬರುತ್ತಿದ್ದಾಕೆಯದು. ಅದಕ್ಕೆ ಎತ್ತರದಿಂದ ಹುಯ್ಯುತ್ತಿದ್ದದ್ದು ಮೂರನೆಯ ಡಿಕಾಕ್ಷನ್. ಎರಡನೆಯದು ಸಿಕ್ಕಿತೆಂದು ಕೊರಗುತ್ತಿದ್ದ ನಾನೇ ಅದನ್ನು ಹತ್ತಾರು ವರ್ಷ ಹುಯ್ದಿದ್ದೇನೆ. ಆ ಲೋಟ ಒಳಗೆ ಬಂದದ್ದು ನನ್ನ ಮಗಳು ಕಾಲೇಜಿಗೆ ಹೋಗಲು ಶುರುಮಾಡಿ ಜಗಳ ತೆಗೆದ ಮೇಲೆ.

ಪೂಲ್ ಪದ್ಧತಿ 1992ರಿಂದ ಹಂತಹಂತವಾಗಿ ಸಡಿಲವಾಗಿ 1996ರಲ್ಲಿ ಬೆಳೆಗಾರರಿಗೆ ಪೂರ್ತಿ ಬಿಡುಗಡೆ ಸಿಕ್ಕಿತು. ಅದೇ ವರ್ಷ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕಾಫಿ ಡೇ ತೆರೆಯಿತು. ಈಗ ತೋಟದ ಹೆಸರು, ಹುರಿದ ತಾರೀಖು ಅಚ್ಚಾದ ಪೊಟ್ಟಣಗಳು ಮನೆಬಾಗಿಲಿಗೇ ಬರುತ್ತವೆ. ಹುರಿದು ಹದಿನೈದು ದಿನದೊಳಗಿನದನ್ನು ಆರಿಸಿಕೊಳ್ಳಿ, ಬೀಜವನ್ನೇ ಕೊಂಡು ಆಗಾಗ ಪುಡಿ ಮಾಡಿಕೊಳ್ಳಿ. ದೊಡ್ಡಮ್ಮನ ತೋಟದ ಬೀಜ ಹಾಸಿಗೆ ಸುರುಳಿಯಿಂದ ಇಳಿದಿದೆ. ಅವರ ಮೊಮ್ಮಗ ಟಪಾಲಿನಲ್ಲಿ ರಾಜಾರೋಷವಾಗಿ ಕಳಿಸುತ್ತಾನೆ.

ಮಾವನವರು ತೀರಿಕೊಂಡದ್ದು 1993ರಲ್ಲಿ. ವರ್ಷದ ಕರ್ಮಗಳೆಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ನಾನು ಮೊದಲ ಡಿಕಾಕ್ಷನ್ನಿನಲ್ಲಿ ಕಾಫಿ ಬೆರೆಸಿ, ನೊರೆ ಬರಿಸಿ, ಅವರ ಬೆಳ್ಳಿ ಲೋಟದಲ್ಲೇ ಅತ್ತೆಯವರ ಮುಂದಿಟ್ಟೆ. ಒಂದು ಗುಟುಕು ಕುಡಿದು ಮುಖ ಕಿವುಚಿದರು. "ಇದು ನಿಮ್ಮ ಮಾವನವರ ಕಾಫಿ ಕಣೆ. ಎಷ್ಟು ಕಹಿ! ಒಂದಿಷ್ಟು ಬಿಸಿನೀರು ಹಾಕು" ಎಂದರು. ಹಾಕಿಕೊಟ್ಟೆ. ಮಾರನೆಯ ದಿನವೂ ಮೊದಲನೆಯದನ್ನೇ ಕೊಟ್ಟೆ, ಮಾರನೆಯ ದಿನವೂ ಬಿಸಿನೀರು ಕೇಳಿದರು. ನಾನು ಬಿಡಲಿಲ್ಲ. ನೀರು ಅರ್ಧ ಲೋಟದಿಂದ ಕಾಲು ಲೋಟಕ್ಕೆ, ಕಾಲು ಲೋಟದಿಂದ ಎರಡು ಚಮಚಕ್ಕೆ ಇಳಿಯಿತು.

ಆ 1994ರ ಜೂನ್ ಜುಲೈನಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ತೋಟಗಳು ಸುಟ್ಟುಹೋದವು. ಜಗತ್ತಿನ ಪೇಟೆಯೆಲ್ಲ ಏರಿ, ನಮ್ಮ ಬೀದಿಯ ಪುಡಿ ಅಂಗಡಿಯ ಹಲಗೆಯ ಮೇಲಿನ ರೇಟೂ ಏರಿತು. ಶ್ರಾವಣದ ಒಂದು ದಿನ ಲೆಕ್ಕದ ಪುಸ್ತಕ ಹಿಡಿದು ನಾನು, "ಅಮ್ಮ, ಈ ತಿಂಗಳಿಂದ ಚಿಕೋರಿ ಸ್ವಲ್ಪ ಜಾಸ್ತಿ ಹಾಕಿಸೋಣವೇ?" ಎಂದು ಕೇಳಿದೆ. ಕೈಯಲ್ಲಿದ್ದ ಲೋಟ ಕೆಳಗಿಡದೆ ಅತ್ತೆಯವರು, "ಬೇಡ, ತರಕಾರಿಯಲ್ಲಿ ಉಳಿಸು" ಎಂದರು.