ತಪ್ಪೂ ಮೌನವೂ: ಕೊಪ್ಪಳ ಸೀಮೆಯ ರೇಡಿಯೊ ಮತ್ತು ಅದರ ಒಡೆತನ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳು 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದವು. ಜಿಲ್ಲಾಧಿಕಾರಿ ಕಚೇರಿ ಬಂತು, ನ್ಯಾಯಾಲಯ ಬಂತು. ಸ್ವಂತ ಕಾರ್ಯಕ್ರಮ ತಯಾರಿಸುವ ಆಕಾಶವಾಣಿ ಕೇಂದ್ರ ಬರಲಿಲ್ಲ. ಇಲ್ಲಿ ರೇಡಿಯೊ ಹಚ್ಚಿದರೆ ತುಂಗಭದ್ರಾ ಹೊಳೆಯಾಚೆಯ ಹೊಸಪೇಟೆ ಕೇಂದ್ರದ 100.5 ಎಫ್.ಎಂ., ಇಲ್ಲವೇ 765 ಕಿಲೊಹರ್ಟ್ಸ್‌ನ ಹಳೆಯ ಧಾರವಾಡ. ಗಂಗಾವತಿಯ ಭತ್ತದ ರೈತನಿಗೆ ಬೇಕಾದದ್ದು ಎಡದಂಡೆ ಕಾಲುವೆಗೆ ನೀರು ಬಿಡುವ ಸುದ್ದಿ. ಕುಷ್ಟಗಿ, ಯಲಬುರ್ಗಾದ ಒಣಬೇಸಾಯಕ್ಕೆ ಬೇಕಾದದ್ದು ಮಳೆಯ ಮುನ್ಸೂಚನೆ. ಎರಡನ್ನೂ ಹೇಳಬೇಕಾದ ಮೈಕು ಇರುವುದು ಬೇರೆ ಜಿಲ್ಲೆಯಲ್ಲಿ. ಪ್ರಸಾರದ ಅವಘಡಗಳನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಬಾಯಿತಪ್ಪಿ ಬಂದ ಮಾತಿನ ಸುತ್ತಲೇ ತಿರುಗುತ್ತದೆ. ಇಂಥ ಸೀಮೆಯಿಂದ ನೋಡಿದಾಗ ಅದಕ್ಕಿಂತ ದೊಡ್ಡ ಅವಘಡ ಮಾತು ಬೇಕಾದಾಗ ಬಾರದಿರುವುದು, ಮತ್ತು ಅದು ಒಡೆತನದ ಪ್ರಶ್ನೆ ಎಂಬುದು ಈ ಲೇಖನದ ವಾದ.

ತಪ್ಪನ್ನು ಗುರುತಿಸುವ ಪದ್ಧತಿ ಆಕಾಶವಾಣಿಯಲ್ಲಿ ಮೊದಲಿನಿಂದಲೂ ಇದೆ. ಪಾಳಿಯ ಡ್ಯೂಟಿ ಆಫೀಸರ್ ಪ್ರಸಾರವನ್ನು ಕೇಳುತ್ತ ಕೂತಿರಬೇಕು. ಉದ್ಘೋಷಕರು ತಡವರಿಸಿದ್ದು, ಧ್ವನಿಮುದ್ರಿಕೆ ಕೈಕೊಟ್ಟದ್ದು, ಲೈನ್ ಕಡಿದು ಸಂಗೀತ ತುಂಬಿದ್ದು ಎಲ್ಲವನ್ನೂ ವರದಿಯಲ್ಲಿ ಬರೆಯಬೇಕು. ಮರುದಿನ ಬೆಳಗಿನ ಸಭೆಯಲ್ಲಿ ಆ ವರದಿಯ ಮೇಲೆ ವಿಚಾರಣೆ. ಕೇಳುಗನಿಗೆ ಸಿಗುತ್ತಿದ್ದದ್ದು ಅಡಚಣೆಗಾಗಿ ವಿಷಾದ ಸೂಚಿಸುವ ಒಂದು ಸಾಲು ಮಾತ್ರ. ಈ ಪದ್ಧತಿಯಲ್ಲಿ ಸರ್ಕಾರಿ ಬಿಗಿ ಧಾರಾಳವಾಗಿತ್ತು, ನಿಜ. ಆದರೆ ತಪ್ಪಿಗೆ ಉತ್ತರ ಕೊಡಬೇಕಾದವರು ಅದೇ ಕಟ್ಟಡದಲ್ಲಿ ಇರುತ್ತಿದ್ದರು.

ಕಂಪನಿ ಒಡೆತನದಲ್ಲಿ ತಪ್ಪಿಗೂ ಅದಕ್ಕೆ ಉತ್ತರ ಕೊಡಬೇಕಾದವರಿಗೂ ನಡುವಿನ ಅಂತರ ಹಿಗ್ಗುತ್ತದೆ. 2001ರ ಜುಲೈನಲ್ಲಿ ಬೆಂಗಳೂರಿನ ರೇಡಿಯೊ ಸಿಟಿಯಿಂದ ದೇಶದ ಖಾಸಗಿ ಎಫ್.ಎಂ. ಆರಂಭವಾಯಿತು. ಆರು ವರ್ಷ ಕಳೆಯುವಷ್ಟರಲ್ಲಿ, 2007ರ ಸೆಪ್ಟೆಂಬರ್‌ನಲ್ಲಿ, ದೆಹಲಿಯ ರೆಡ್ ಎಫ್.ಎಂ.ನ ನಿರೂಪಕನೊಬ್ಬ ಇಂಡಿಯನ್ ಐಡಲ್ ಗೆದ್ದ ಗೂರ್ಖಾ ಯುವಕನ ಬಗ್ಗೆ ಆಡಿದ ಕುಹಕದ ಮಾತಿನಿಂದ ಸಿಲಿಗುರಿಯಲ್ಲಿ ಗಲಭೆಯಾಗಿ ಕರ್ಫ್ಯೂ ಬಿತ್ತು. ಆ ಕೇಂದ್ರದ ಪ್ರಸಾರ ಸಿಲಿಗುರಿಗೆ ಕೇಳುವಂಥದ್ದೇ ಅಲ್ಲ. ಗೋಪುರದ ಎತ್ತರ ಮತ್ತು ಪ್ರೇಷಕದ ಶಕ್ತಿಗೆ ಸಿಕ್ಕದಷ್ಟು ದೂರ ಮಾತು ಹೋಯಿತು.

ಎರಡನೆಯ ಪ್ರಕರಣ ಕರಾವಳಿಯ ಮನೆಯೊಂದನ್ನು ಮುಟ್ಟಿದ್ದರಿಂದ ಕನ್ನಡಿಗರಿಗೆ ಹತ್ತಿರದ್ದು. 2012ರ ಡಿಸೆಂಬರ್‌ನಲ್ಲಿ ಸಿಡ್ನಿಯ 2ಡೇ ಎಫ್.ಎಂ.ನ ಇಬ್ಬರು ನಿರೂಪಕರು ಬ್ರಿಟಿಷ್ ರಾಜಮನೆತನದವರ ಧ್ವನಿ ಅನುಕರಿಸಿ ಲಂಡನ್ನಿನ ಆಸ್ಪತ್ರೆಗೆ ಫೋನ್ ಮಾಡಿದರು. ನಸುಕಿನ ಹೊತ್ತು, ಸ್ವಾಗತಕಾರರಿರಲಿಲ್ಲ. ಫೋನ್ ಎತ್ತಿದವರು ಉಡುಪಿ ಜಿಲ್ಲೆಯ ಶಿರ್ವದ ಕುಟುಂಬಕ್ಕೆ ಸೇರಿದ ನರ್ಸ್. ಅವರು ಕರೆಯನ್ನು ವಾರ್ಡಿಗೆ ದಾಟಿಸಿದರು. ಕೆಲವೇ ದಿನಗಳಲ್ಲಿ ಅವರ ಸಾವಿನ ಸುದ್ದಿ ಬಂತು. ಪತ್ರಿಕೆಗಳು ಇಬ್ಬರು ನಿರೂಪಕರನ್ನೇ ಹಿಡಿದು ಝಾಡಿಸಿದವು. ಆದರೆ ಅದು ನೇರ ಪ್ರಸಾರದಲ್ಲಿ ಜಾರಿದ ಮಾತಲ್ಲ. ಕರೆಯನ್ನು ಮೊದಲು ಮುದ್ರಿಸಿಕೊಂಡು, ವಕೀಲರಿಗೆ ತೋರಿಸಿ, ಆಮೇಲೆ ಪ್ರಸಾರ ಮಾಡಲಾಗಿತ್ತು. ಅನುಮತಿಗಾಗಿ ಆಸ್ಪತ್ರೆಯನ್ನು ಐದು ಬಾರಿ ಸಂಪರ್ಕಿಸಲು ಯತ್ನಿಸಿದೆವು ಎಂದು ಒಡೆತನದ ಕಂಪನಿ ಸದರ್ನ್ ಕ್ರಾಸ್ ಆಸ್ಟೀರಿಯೊ ಹೇಳಿತು. ಆಡಳಿತದ ಯಾರೊಂದಿಗೂ ಮಾತಾಗಿಲ್ಲ ಎಂದಿತು ಆಸ್ಪತ್ರೆ. ಪರವಾನಗಿ ಷರತ್ತು ಮುರಿದಿದೆ ಎಂದು ತೀರ್ಮಾನಿಸುವ ಅಧಿಕಾರ ಪ್ರಸಾರ ನಿಯಂತ್ರಕರಿಗೇ ಇಲ್ಲವೆಂದು ಕಂಪನಿ ಅಲ್ಲಿನ ಹೈಕೋರ್ಟಿನವರೆಗೆ ವಾದಿಸಿ, 2015ರ ಮಾರ್ಚ್‌ನಲ್ಲಿ ಸೋತಿತು. ಸಂಸ್ಥೆಯ ಹಲವು ಮೇಜುಗಳ ಮೇಲೆ ಹಾದುಬಂದ ನಿರ್ಧಾರವನ್ನು ಮೈಕಿನ ಮುಂದೆ ಕೂತವರ ತಲೆಗೆ ಕಟ್ಟುವುದು ಸುಲಭ, ಹಾಗೇ ಆಯಿತು.

ಇನ್ನು ಮೌನದ ಪ್ರಕರಣ. 2002ರ ಜನವರಿ 18ರ ನಡುರಾತ್ರಿ ಅಮೆರಿಕದ ನಾರ್ತ್ ಡಕೋಟಾದ ಮೈನಾಟ್ ಊರಿನ ಬಳಿ ಗೂಡ್ಸ್ ರೈಲು ಹಳಿತಪ್ಪಿ ಅಮೋನಿಯಾ ಮೋಡ ಎದ್ದಿತು. ಊರಿನ ಆರೂ ವಾಣಿಜ್ಯ ರೇಡಿಯೊ ಕೇಂದ್ರಗಳು ಕ್ಲಿಯರ್ ಚಾನೆಲ್ ಕಂಪನಿಯವು. ಪೊಲೀಸರ ಕರೆಗೆ ಉತ್ತರ ಸಿಗಲಿಲ್ಲ. ಒಬ್ಬರು ಸತ್ತರು, ನೂರಾರು ಜನ ಗಾಯಗೊಂಡರು. ನಮ್ಮ ಸಿಬ್ಬಂದಿ ಇದ್ದರು, ಪೊಲೀಸರೇ ತುರ್ತುಸೂಚನೆಯ ಉಪಕರಣ ಬಳಸಲಿಲ್ಲ ಎಂದು ಕಂಪನಿ ಪ್ರತಿವಾದ ಮಾಡಿತು. ಆ ಪ್ರತಿವಾದವನ್ನು ತಳ್ಳಿಹಾಕುವಂತಿಲ್ಲ. ಒಡೆಯ ಹತ್ತಿರವಿದ್ದ ಮಾತ್ರಕ್ಕೆ ಎಚ್ಚರಿಕೆ ತಾನಾಗಿ ಹೊರಡದು. ಸುದ್ದಿ ಕೊಡುವವರಿಗೂ ಹೇಳುವವರಿಗೂ ನಡುವೆ ಮೊದಲೇ ಹಾಕಿಟ್ಟ ದಾರಿ ಬೇಕು.

ಕೊಪ್ಪಳಕ್ಕೂ ಅಂಥ ಒಂದು ರಾತ್ರಿ ಬಂತು. 2024ರ ಆಗಸ್ಟ್ 10ರ ಶನಿವಾರ, ರಾತ್ರಿ ಹನ್ನೊಂದರ ಸುಮಾರಿಗೆ, ತುಂಗಭದ್ರಾ ಅಣೆಕಟ್ಟೆಯ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಅದೊಂದರಿಂದಲೇ ಸುಮಾರು 35,000 ಕ್ಯೂಸೆಕ್ ನೀರು ನುಗ್ಗಿತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಬೇಕಾಯಿತು. ಕೆಳಗಿನ ದಡದಲ್ಲಿ ಆನೆಗೊಂದಿ ಸುತ್ತಿನ ಗಂಗಾವತಿ ತಾಲ್ಲೂಕಿನ ಹಳ್ಳಿಗಳಿವೆ. ಹನ್ನೊಂದರ ಆಸುಪಾಸು ಎಂದರೆ ಆಕಾಶವಾಣಿಯ ಕೇಂದ್ರಗಳು ರೂಢಿಯಂತೆ ದಿನದ ಪ್ರಸಾರ ಮುಗಿಸುತ್ತಿದ್ದ ಹೊತ್ತು. ಇದು ಕೇವಲ ಕಾಕತಾಳೀಯವಾದರೂ, ರಾತ್ರಿ ಪಾಳಿಯ ಖರ್ಚು ದಂಡವೆಂದು ಲೆಕ್ಕ ಹಾಕುವ ಯಾವ ಒಡೆಯನೂ, ಅದು ಆಕಾಶವಾಣಿಯ ಒಡೆಯ ಪ್ರಸಾರ ಭಾರತಿಯೇ ಇರಲಿ, ಮರೆಯಬಾರದ ಗಳಿಗೆ.

ಗೇಟು ಮುರಿದ ಮೂರು ವಾರದೊಳಗೆ, ಆಗಸ್ಟ್ 28ರಂದು, ಕೇಂದ್ರ ಸಚಿವ ಸಂಪುಟ 234 ಹೊಸ ಊರುಗಳಲ್ಲಿ 730 ಖಾಸಗಿ ಎಫ್.ಎಂ. ವಾಹಿನಿಗಳ ಹರಾಜಿಗೆ ಒಪ್ಪಿಗೆ ಕೊಟ್ಟಿತು. ಪಟ್ಟಿಯಲ್ಲಿ ಹೊಸಪೇಟೆ, ಬಳ್ಳಾರಿ, ರಾಯಚೂರು, ಗದಗ-ಬೆಟಗೇರಿ, ಬಾಗಲಕೋಟೆ ಇವೆ; ಕೊಪ್ಪಳವಿಲ್ಲ, ಗಂಗಾವತಿಯೂ ಇಲ್ಲ. ಅಂದರೆ ಈ ಜಿಲ್ಲೆಯನ್ನು ಸುತ್ತಲೂ ಖಾಸಗಿ ಗೋಪುರಗಳು ಬಳಸಿ ನಿಲ್ಲಬಹುದು, ಒಂದೂ ಇದರದ್ದಲ್ಲ. ಒಡೆತನದ ಮಿತಿಯ ನಿಯಮವನ್ನು ಇಲ್ಲಿಂದ ಓದಿದರೆ ಅದರ ತೂತು ಕಾಣುತ್ತದೆ. ಒಬ್ಬ ಒಡೆಯ ಒಂದು ನಗರದ ವಾಹಿನಿಗಳಲ್ಲಿ ಶೇ. 40ಕ್ಕಿಂತ ಹೆಚ್ಚು ಹೊಂದುವಂತಿಲ್ಲ. ದೇಶದ ಒಟ್ಟು ವಾಹಿನಿಗಳಲ್ಲಿ ಶೇ. 15ರ ಮಿತಿಯೂ ಇತ್ತು, 2022ರಲ್ಲಿ ಅದನ್ನು ತೆಗೆದುಹಾಕಲಾಯಿತು. ನಗರವೂ ದೇಶವೂ ಲೆಕ್ಕಕ್ಕೆ ಬಂದಿದ್ದವು, ಇವೆರಡರ ನಡುವಿನ ಸೀಮೆ ಎಂದೂ ಬರಲಿಲ್ಲ. ಹೊಸಪೇಟೆ, ಗದಗ, ಬಾಗಲಕೋಟೆ, ರಾಯಚೂರುಗಳಲ್ಲಿ ಒಂದೊಂದು ವಾಹಿನಿ ಒಂದೇ ಕಂಪನಿಯ ಪಾಲಾದರೂ ನಿಯಮ ಮುರಿಯದು. ಖಾಸಗಿ ಎಫ್.ಎಂ.ನ ಮೂರನೆಯ ಹಂತದ ನೀತಿ ಒಂದೇ ಕಾರ್ಯಕ್ರಮವನ್ನು ಕಂಪನಿ ತನ್ನ ಎಲ್ಲ ವಾಹಿನಿಗಳಲ್ಲಿ ಹಂಚಿಕೊಳ್ಳಲೂ ಬಿಡುತ್ತದೆ. ಆಗ ಯಲಬುರ್ಗಾದ ಕೇಳುಗ ಗದಗಿನ ಕಡೆಯಿಂದ ಬರುವ ಅಲೆಯನ್ನೂ, ಕುಷ್ಟಗಿಯವ ಬಾಗಲಕೋಟೆಯ ಕಡೆಯದನ್ನೂ ಹಿಡಿದು, ಇಬ್ಬರೂ ಬೆಂಗಳೂರಿನ ಒಂದೇ ಸ್ಟುಡಿಯೊದ ಹರಟೆ ಕೇಳುವ ಸಾಧ್ಯತೆ ಇದೆ.

ಪರವಾನಗಿ ಮಾತಿಗೆ ಹಾಕಿದ ಬೇಲಿ ಮಾತ್ರ ಬಲವಾಗಿದೆ. ಆಕಾಶವಾಣಿಯ ಸಂಹಿತೆ ಖಾಸಗಿಯವರಿಗೂ ಅನ್ವಯ. ಸ್ವಂತ ವಾರ್ತೆ ಕೂಡದು, ಆಕಾಶವಾಣಿಯ ವಾರ್ತೆಯನ್ನು ಇದ್ದಂತೆಯೇ ಬಿತ್ತರಿಸಬಹುದು. ಗಂಟೆಗೆ ಹತ್ತು ನಿಮಿಷ ವಾರ್ತೆಗೆ ಅವಕಾಶವಿರಲಿ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2023ರಲ್ಲಿ ಶಿಫಾರಸು ಮಾಡಿತು. 1995ರಲ್ಲೇ ಸುಪ್ರೀಂ ಕೋರ್ಟು ತರಂಗಗಳು ಸಾರ್ವಜನಿಕ ಸ್ವತ್ತು ಎಂದಿದ್ದರೂ, ಆ ಸ್ವತ್ತಿನ ಬಳಕೆಯಲ್ಲಿ ಆಡಿದ್ದಕ್ಕೆ ಶಿಕ್ಷೆಯಿದೆ, ಆಡದೇ ಉಳಿದದ್ದಕ್ಕೆ ಪ್ರಶ್ನೆಯೂ ಏಳುವುದಿಲ್ಲ. ನೀತಿಯಲ್ಲಿ ಒಂದು ಬಾಗಿಲು ತೆರೆದಿದೆ: ವಿದ್ಯುತ್, ನೀರು, ಪ್ರಕೃತಿ ವಿಕೋಪ, ಆರೋಗ್ಯದ ಸೂಚನೆಗಳನ್ನು ಸ್ಥಳೀಯ ಆಡಳಿತ ಕೊಟ್ಟರೆ ಅವು ವಾರ್ತೆಯೆನಿಸವು, ಪ್ರಸಾರ ಮಾಡಬಹುದು. ಹಾಗಾದರೆ ಹೊಸಪೇಟೆಯ ವಾಹಿನಿಗೆ ಸ್ಥಳೀಯ ಆಡಳಿತ ಯಾವುದು? 2021ರಿಂದ ಹೊಸಪೇಟೆ ವಿಜಯನಗರ ಜಿಲ್ಲೆಯ ಕೇಂದ್ರ. ಆನೆಗೊಂದಿ ದಡದ ಎಚ್ಚರಿಕೆ ಹೊರಡಬೇಕಾದದ್ದು ಕೊಪ್ಪಳದ ಜಿಲ್ಲಾಧಿಕಾರಿ ಕಚೇರಿಯಿಂದ. ಹೊಳೆ ದಾಟಿ ಹೋಗುವ ಆ ಸೂಚನೆಯನ್ನು ರಾತ್ರಿ ಹನ್ನೊಂದರ ಮೇಲೆ ಯಾರು ಸ್ವೀಕರಿಸಬೇಕು, ಎಷ್ಟು ನಿಮಿಷದೊಳಗೆ ಓದಬೇಕು ಎಂಬ ಷರತ್ತನ್ನು ಹರಾಜಿನ ಮೂಲಬೆಲೆಯ ಪಕ್ಕದಲ್ಲೇ ಬರೆಯಲು ಇನ್ನೂ ಅವಕಾಶವಿದೆ.